ಏಳಕ್ಕೆ ಇಳಿಸಿದ್ದಕ್ಕೇ ಅವನು ಎಚ್ಚೆತ್ತನಾ? ನಾನು ಲೆಕ್ಕ ಹಾಕಿದ ಕಥೆ

ಎಡಿಸನ್ ಊರಿನ ಒಂದು ಹೋಟೆಲಿನಲ್ಲಿ ಎಂಟು ಜನಕ್ಕೆ ಮಸಾಲೆ ದೋಸೆ, ವಡೆ, ಕಾಫಿ. ಬಿಲ್ಲು ಸುಮಾರು 190 ಡಾಲರ್ ಆಯಿತು. ಕೊಟ್ಟಿದ್ದು ನಾನಲ್ಲ. ಮೂರು ವರ್ಷ ನನ್ನನ್ನು ನೋಡಿ ನಕ್ಕವರು ಬೆಟ್ ಸೋತು ಕೊಟ್ಟರು. ಆ ಖುಷಿಗೇ ಇದನ್ನು ಬರೆಯುತ್ತಿದ್ದೇನೆ.

ನಾವಿರುವುದು ನ್ಯೂಜೆರ್ಸಿಯ ನಡುಭಾಗದಲ್ಲಿ. ಹಾಗಾಗಿ ನಮ್ಮ ಗುಂಪಿನಲ್ಲಿ ಬೇಸ್‌ಬಾಲ್ ಅಂದರೆ ಅರ್ಧ ಜನ ನ್ಯೂಯಾರ್ಕ್‌ನ ಯಾಂಕೀಸ್ ಕಡೆ, ಅರ್ಧ ಜನ ಫಿಲಡೆಲ್ಫಿಯಾದ ಫಿಲ್ಲೀಸ್ ಕಡೆ. ಯಾವುದಕ್ಕೂ ಒಪ್ಪದ ಈ ಎರಡು ಪಂಗಡ ಒಂದು ಮಾತಿಗೆ ಮಾತ್ರ ತಲೆ ಆಡಿಸುತ್ತಿತ್ತು: ಬ್ಯಾಟಿಂಗ್ ಆರ್ಡರ್‌ನಲ್ಲಿ ಜಾಗ ಬದಲಾದರೆ ಆಟವೂ ಬದಲಾಗುತ್ತೆ. ‘ಅವನನ್ನ ಏಳಕ್ಕೆ ಇಳಿಸಿದ್ರು, ನೋಡು ಹೇಗೆ ಎಚ್ಚೆತ್ತುಕೊಂಡ!’ ಇಲ್ಲ ಅನ್ನುತ್ತಿದ್ದವನು ನಾನೊಬ್ಬನೇ.

ಈ ನಂಬಿಕೆ ನಮಗೆ ಬಂದಿದ್ದು ಕ್ರಿಕೆಟ್‌ನಿಂದ. ಅಲ್ಲಿ ಅದು ನಿಜವೂ ಹೌದು. 1994ರಲ್ಲಿ ಆಕ್ಲೆಂಡ್‌ನಲ್ಲಿ ಸಚಿನ್ ಮೊದಲ ಸಲ ಒನ್‌ಡೇಯಲ್ಲಿ ಓಪನಿಂಗ್ ಇಳಿದು 49 ಚೆಂಡಿಗೆ 82 ಹೊಡೆದಿದ್ದು ನಮಗೆಲ್ಲ ಬಾಯಿಪಾಠ. ಹೊಸ ಚೆಂಡು, ಉಳಿದ ಓವರ್, ಫೀಲ್ಡರ್‌ಗಳ ಜಾಗ, ಎಲ್ಲವೂ ಬೇರೆ. ಜಾಗ ಬದಲಾದರೆ ಅಲ್ಲಿ ಕೆಲಸವೇ ಬೇರೆ. ಬೇಸ್‌ಬಾಲ್‌ನಲ್ಲಿ ಚೆಂಡಿಗೆ ಒಂಚೂರು ಮಣ್ಣು ತಾಗಿದರೂ ಬದಲಾಯಿಸುತ್ತಾರೆ. ಲೀಡ್‌ಆಫ್, ಅಂದರೆ ಮೊದಲ ಜಾಗದ ಆಟಗಾರ ಇನಿಂಗ್ಸ್ ಶುರು ಮಾಡುವುದು ಖಾತ್ರಿ ಇರುವುದು ಪಂದ್ಯದ ಒಂಬತ್ತು ಇನಿಂಗ್ಸ್‌ನಲ್ಲಿ ಒಂದೇ ಸಲ. ಆಮೇಲೆ ಎಲ್ಲರೂ ಗಾಣದ ಎತ್ತುಗಳೇ.

ಹಳೆಯ ಪಂದ್ಯಗಳ ದಾಖಲೆ ಸಿಗುವ ರೆಟ್ರೋಶೀಟ್ ತಾಣದಿಂದ ಫೈಲು ಇಳಿಸಿಕೊಂಡು ಚಾಡ್ವಿಕ್ ಅನ್ನುವ ಪ್ರೋಗ್ರಾಮಿನಲ್ಲಿ ಬಿಡಿಸಿದೆ, ಹೇಗೆ ಅನ್ನುವುದನ್ನು ಬಿಡುತ್ತೇನೆ. ನನ್ನ ಮೊದಲ ಪ್ರಯತ್ನ ನೆನೆದರೆ ಈಗಲೂ ನಾಚಿಕೆ. ಪ್ರತಿ ಜಾಗದ ಸರಾಸರಿ ತೆಗೆದು ಗ್ರಾಫ್ ಮಾಡಿದೆ. ಮೂರನೇ ಜಾಗ ಮೇಲೆ, ಒಂಬತ್ತನೇ ಜಾಗ ಪಾತಾಳದಲ್ಲಿ. ಒಳ್ಳೆಯವರನ್ನು ಮೂರಕ್ಕೆ ಹಾಕುತ್ತಾರೆ, ಅದಕ್ಕೇ ಮೂರು ಚೆನ್ನಾಗಿದೆ. ಮತ್ತೆ 2022ಕ್ಕೆ ಮೊದಲು ಎರಡು ದೊಡ್ಡ ಲೀಗ್‌ಗಳಲ್ಲಿ ಒಂದಾದ ನ್ಯಾಷನಲ್ ಲೀಗ್‌ನಲ್ಲಿ ಒಂಬತ್ತಕ್ಕೆ ಬರುತ್ತಿದ್ದದ್ದು ಹೆಚ್ಚಾಗಿ ಪಿಚರ್, ಅಂದರೆ ಬ್ಯಾಟಿಂಗ್ ಅಷ್ಟಕ್ಕಷ್ಟೇ ಇರುವ ಬೌಲರ್! ಗ್ರಾಫ್ ತೋರಿಸಿದ ದಿನ ಬಿದ್ದ ನಗು ಇನ್ನೂ ಕಿವಿಯಲ್ಲಿದೆ.

ಎರಡನೇ ಸಲ ಒಬ್ಬನೇ ಆಟಗಾರನ ಎರಡು ಜಾಗಗಳನ್ನು ಹೋಲಿಸಿದೆ. ಸ್ವಲ್ಪ ಬುದ್ಧಿ ಬಂದಿತ್ತು, ಪೂರ್ತಿ ಅಲ್ಲ. ಎಂಟನೇ ಜಾಗದಲ್ಲಿ ಆನ್‌-ಬೇಸ್ (ಔಟಾಗದೆ ಬೇಸ್ ತಲುಪುವ ಪ್ರಮಾಣ) ಏರಿದ್ದು ನೋಡಿ ಕುಣಿದೆ. ಆಮೇಲೆ ಹೊಳೆಯಿತು: ಹಿಂದೆ ಪಿಚರ್ ನಿಂತಿದ್ದರೆ ಎಂಟನೆಯವನಿಗೆ ಯಾರು ತಾನೇ ಒಳ್ಳೆಯ ಚೆಂಡು ಹಾಕುತ್ತಾರೆ? ಸುಮ್ನೆ ವಾಕ್ (ನಾಲ್ಕು ಕೆಟ್ಟ ಚೆಂಡು ಹಾಕಿ ಪುಕ್ಕಟೆ ಬೇಸ್) ಕೊಟ್ಟು ಕಳಿಸುತ್ತಾರೆ. ಪಿಂಚ್ ಹಿಟರ್‌ಗಳನ್ನೂ ಸೋಸಿರಲಿಲ್ಲ. ಬೆಂಚಿನಿಂದ ಎದ್ದು ತಣ್ಣಗೆ ಬಂದು ಆಡುವವನ ಲೆಕ್ಕವೇ ಬೇರೆ. ಎರಡು ತಿಂಗಳ ರಾತ್ರಿಗಳು ನೀರುಪಾಲು.

ಮೂರನೆಯದು ದುಡ್ಡಿನ ಕಥೆ. ಒಂಬತ್ತು ಜನರನ್ನು 3,62,880 ರೀತಿಯಲ್ಲಿ ನಿಲ್ಲಿಸಬಹುದು. ಎಲ್ಲವನ್ನೂ ಆಡಿಸಿಯೇ ನೋಡೋಣ ಅಂತ ಬಾಡಿಗೆ ಸರ್ವರ್ ತಗೊಂಡು ಶುಕ್ರವಾರ ಸಂಜೆ ಸಿಮ್ಯುಲೇಶನ್ ಹಚ್ಚಿದೆ. ನಿಲ್ಲಿಸುವುದು ಮರೆತೆ. ಸೋಮವಾರ ಬಿಲ್ಲು ಸುಮಾರು 340 ಡಾಲರ್. ಸಿಕ್ಕ ಉತ್ತರ: ಮ್ಯಾನೇಜರ್ ಬರೆಯುವ ಮಾಮೂಲಿ ಲೈನ್‌ಅಪ್‌ಗೂ ಅತ್ಯುತ್ತಮ ಲೈನ್‌ಅಪ್‌ಗೂ 162 ಪಂದ್ಯದ ಇಡೀ ಸೀಸನ್‌ನಲ್ಲಿ ಹತ್ತು ಹದಿನೈದು ರನ್ ವ್ಯತ್ಯಾಸ. ಒಂದು ಗೆಲುವು ಅಂದುಕೊಳ್ಳಿ.

ಇದನ್ನು ಹೆಂಡತಿಗೆ ವಿವರಿಸಿದೆ. ಅವಳಿಗೆ ಬೇಸ್‌ಬಾಲ್ ಗೊತ್ತಿಲ್ಲ. ‘ಅಲ್ಲಾ ರೀ, ಈ ಪ್ರೋಗ್ರಾಮಲ್ಲಿ ಒಬ್ಬನ ಜಾಗ ಬದಲಾದ್ರೆ ಅವನ ಆಟ ಬದಲಾಗುತ್ತಾ?’ ಅಂದಳು. ಇಲ್ಲ, ಅವನ ಅಂಕಿ ಅಷ್ಟೇ ಇರುತ್ತೆ ಅಂದೆ. ‘ಮತ್ತೆ ನೀವು ಹುಡುಕ್ತಾ ಇದ್ದಿದ್ದು ಅದನ್ನೇ ಅಲ್ವಾ?’ 340 ಡಾಲರ್ ಸುರಿದು, ಪ್ರಶ್ನೆಯನ್ನೇ ಬಾಗಿಲ ಹೊರಗೆ ನಿಲ್ಲಿಸಿದ್ದೆ.

ದಾರಿ ಸಿಕ್ಕಿದ್ದು ಟ್ರೇ ಟರ್ನರ್‌ನಿಂದ. 2023ರಲ್ಲಿ ದೊಡ್ಡ ಕಾಂಟ್ರಾಕ್ಟ್‌ಗೆ ಫಿಲ್ಲೀಸ್‌ಗೆ ಬಂದವನು ಆಗಸ್ಟ್ ಶುರುವಿನವರೆಗೆ ಬ್ಯಾಟಿಂಗ್ ಸರಾಸರಿ .235ರ ಆಸುಪಾಸಿನಲ್ಲಿ ಒದ್ದಾಡುತ್ತಿದ್ದ. ಫಿಲಡೆಲ್ಫಿಯಾ ಜನ ಬೈಯುವ ಬದಲು ಎದ್ದು ನಿಂತು ಚಪ್ಪಾಳೆ ತಟ್ಟಿದರು. ಅಲ್ಲಿಂದ ಸಿಡಿದ. ಸೀಸನ್ ಮುಗಿದಾಗ .266, 26 ಹೋಮರ್ (ನಮ್ಮ ಸಿಕ್ಸರ್‌ನಂಥ ಹೊಡೆತ). ಊರೆಲ್ಲ ‘ನಮ್ಮ ಚಪ್ಪಾಳೆ’ ಅಂದಿತು. ಆದರೆ ಅವನು ಮೊದಲಿನಿಂದ .300ರ ಆಟಗಾರ. ಚಪ್ಪಾಳೆ ಬೀಳದಿದ್ದರೂ ಮೇಲೆ ಬರುತ್ತಿದ್ದನೇನೋ. ಬ್ಯಾಟರ್‌ನನ್ನು ಕೆಳಕ್ಕೆ ಇಳಿಸುವುದೂ ಹೀಗೇ. ಇಳಿಸುವುದು ಯಾವಾಗ? ತಳ ಕಂಡಾಗ. ತಳದಿಂದ ದಾರಿ ಇರುವುದು ಮೇಲಕ್ಕೇ. ಜ್ವರ ಬಿಡುವ ಹೊತ್ತಿಗೆ ಯಂತ್ರ ಕಟ್ಟಿಸಿಕೊಂಡ ಹಾಗೆ.

ಹಾಗಾದರೆ ಯಂತ್ರ ಕಟ್ಟದವರ ಜ್ವರ ಏನಾಯಿತು ಅಂತ ನೋಡಬೇಕಲ್ಲ? ಅದನ್ನೇ ಮಾಡಿದೆ. ತಮ್ಮದೇ ಹಳೆಯ ಮಟ್ಟಕ್ಕಿಂತ ಒಂದೇ ರೀತಿ ಬಿದ್ದವರನ್ನು ಎರಡು ಗುಂಪು ಮಾಡಿದೆ: ಕೆಳಕ್ಕೆ ಇಳಿಸಿದವರು, ಇದ್ದಲ್ಲೇ ಬಿಟ್ಟವರು. ಜೊತೆಗೆ ಮೂರನೇ ಗುಂಪು: ತಮ್ಮ ತಪ್ಪಿಲ್ಲದೆ, ಪಕ್ಕದವನಿಗೆ ಗಾಯವಾಗಿದ್ದಕ್ಕೆ ಜಾಗ ಬದಲಾದವರು. 2024ರಲ್ಲಿ ಡಾಡ್ಜರ್ಸ್ ತಂಡದ ಮೂಕಿ ಬೆಟ್ಸ್ ಕೈ ಮುರಿದುಕೊಂಡಾಗ ಓಹ್ತಾನಿ ಲೀಡ್‌ಆಫ್‌ಗೆ ಹೋದನಲ್ಲ, ಆ ತರಹ. ಯಾರು ಫಾರ್ಮ್ ಹೋಗಿ ಕೂತವರು, ಯಾರು ಸುಮ್ಮನೆ ಒಂದು ದಿನ ವಿಶ್ರಾಂತಿ ಪಡೆದವರು ಅಂತ ಫೈಲಿನಿಂದಲೇ ಬೇರ್ಪಡಿಸಲು ಒಂದು ಉಪಾಯ ಮಾಡಿದ್ದೇನೆ. ಅದನ್ನು ಇಲ್ಲಿ ಹೇಳಲ್ಲ, ನಾಲ್ಕು ತಿಂಗಳ ಬೆವರು ಅದು. ಒಂದು ಸುಳಿವು ಕೊಡುತ್ತೇನೆ: ಆ ದಿನ ಎದುರಿಗಿದ್ದ ಪಿಚರ್ ಎಡಗೈಯವನಾ ನೋಡಿ.

ಇನ್ನೊಂದು ಎಚ್ಚರಿಕೆ. ಒಬ್ಬನು ಬ್ಯಾಟ್ ಹಿಡಿದು ನಿಂತ 300 ಸರದಿ ನೋಡಿ ಕುಣಿಯಬೇಡಿ. .320 ಆನ್‌-ಬೇಸ್ ಇರುವವನಿಗೆ ಬರೀ ಅದೃಷ್ಟದಿಂದಲೇ 27 ಪಾಯಿಂಟ್ (ಅಂದರೆ .027) ಆಚೆ ಈಚೆ ಆಗುತ್ತೆ. 600 ಸರದಿ ಆದರೂ 19. ನಮ್ಮ ವಾದಗಳೆಲ್ಲ ನಡೆಯುತ್ತಿದ್ದದ್ದು ಈ 27ರ ಒಳಗೇ. ಅದಕ್ಕೇ ಗುಂಪು ಬೇಕು.

ಬೆಟ್ ಹೀಗಿತ್ತು. ಸೀಸನ್ನಿನ ಮೇ ಕೊನೆಯಲ್ಲಿ ಇಳಿಸಿದವರು, ಇದ್ದಲ್ಲೇ ಬಿಟ್ಟವರು, ಈ ಎರಡೂ ಗುಂಪಿಗೆ ತಲಾ ಹತ್ತು ಹನ್ನೆರಡು ಹೆಸರು ಬರೆದು ಲಕೋಟೆಗೆ ಹಾಕಿದೆ. ಎರಡೂ ಗುಂಪು ತಮ್ಮ ಹಳೆಯ ಮಟ್ಟದ ಹತ್ತಿರ ಬರುತ್ತವೆ, ನಡುವಿನ ಅಂತರ 20 ಪಾಯಿಂಟ್ ದಾಟಲ್ಲ ಅಂತ ಬರೆದೆ. ಜುಲೈನಲ್ಲಿ ಒಮ್ಮೆ ಇಳಿಸಿದವರ ಗುಂಪು ಓಡತೊಡಗಿದಾಗ ನನಗೇ ಬೆವರಿತ್ತು. ಅಕ್ಟೋಬರ್‌ನಲ್ಲಿ ಲಕೋಟೆ ಒಡೆದೆವು. ಗಡಿಯ ಒಳಗೇ ನಿಂತಿತ್ತು, ಆರಾಮಾಗಿ. ದೋಸೆ ಬಂತು.

ಜಾಗಕ್ಕೆ ಬೆಲೆಯೇ ಇಲ್ಲ ಅಂತ ನಾನು ಹೇಳುತ್ತಿಲ್ಲ. ಒಂದು ಮೆಟ್ಟಿಲು ಮೇಲೆ ಹೋದರೆ ಸೀಸನ್ನಿಗೆ ಸುಮಾರು 18 ಸರದಿ ಜಾಸ್ತಿ ಸಿಗುತ್ತೆ. 2022ರಲ್ಲಿ ಯಾಂಕೀಸ್‌ನ ಆರನ್ ಜಡ್ಜ್‌ 62ನೇ ಹೋಮರ್ ಹೊಡೆದಿದ್ದು ಲೀಡ್‌ಆಫ್ ಆಗಿ ಪಂದ್ಯ ಶುರು ಮಾಡುವಾಗಲೇ. 2023ರಲ್ಲಿ ಫಿಲ್ಲೀಸ್‌ನ ಶ್ವಾರ್ಬರ್ .197 ಸರಾಸರಿ ಇಟ್ಟುಕೊಂಡು ಲೀಡ್‌ಆಫ್ ಆಡಿದಾಗ ನಮ್ಮವರೆಲ್ಲ ಬೊಬ್ಬೆ ಹೊಡೆದರು. ಅವನ ಆನ್‌-ಬೇಸ್ .343, ಹೋಮರ್ 47. ಅಂಥವನಿಗೆ ಸರದಿ ಜಾಸ್ತಿ ಕೊಡದೆ ಇನ್ಯಾರಿಗೆ ಕೊಡಬೇಕು?

‘ಪ್ರೊಟೆಕ್ಷನ್’ ಕೂಡ ಕೆದಕಿದೆ, ಅಂದರೆ ಹಿಂದೆ ಒಳ್ಳೆಯ ಹೊಡೆತಗಾರನಿದ್ದರೆ ಮುಂದಿನವನಿಗೆ ಒಳ್ಳೆಯ ಚೆಂಡು ಸಿಗುತ್ತೆ ಅನ್ನುವ ನಂಬಿಕೆ. 1961ರಲ್ಲಿ 61 ಹೋಮರ್ ಹೊಡೆದ ಯಾಂಕೀಸ್‌ನ ಮ್ಯಾರಿಸ್‌ಗೆ ಇಡೀ ಸೀಸನ್‌ನಲ್ಲಿ ಒಂದೂ ಉದ್ದೇಶಪೂರ್ವಕ ವಾಕ್ ಇಲ್ಲ, ಯಾಕೆಂದರೆ ಹಿಂದೆ ಅವನಷ್ಟೇ ಜೋರಿನ ಹೊಡೆತಗಾರ ಮ್ಯಾಂಟಲ್ ಇದ್ದ. ವಾಕ್ ಕಡಿಮೆಯಾಗುವುದು ನನ್ನ ಲೆಕ್ಕದಲ್ಲೂ ಕಂಡಿತು. ಹೊಡೆತ ಬಲವಾಗಿದ್ದು ಮಾತ್ರ ಕಾಣಲಿಲ್ಲ.

ಕೊನೆಗೆ ಮಾಡಿದ್ದು ಹುಚ್ಚು ಪ್ರಯೋಗ. 1972ರ ಆಗಸ್ಟ್‌ನಲ್ಲಿ ಡೆಟ್ರಾಯಿಟ್ ಟೈಗರ್ಸ್ ಮ್ಯಾನೇಜರ್ ಬಿಲ್ಲಿ ಮಾರ್ಟಿನ್ ಟೋಪಿಯಲ್ಲಿ ಚೀಟಿ ಹಾಕಿ ಲೈನ್‌ಅಪ್ ಎತ್ತಿದ್ದ. ಹೋಮರ್ ಬಾರಿಸುವ ನಾರ್ಮ್ ಕ್ಯಾಶ್ ಮೊದಲಿಗೆ ಬಂದ, ಟೈಗರ್ಸ್ 3-2ರಲ್ಲಿ ಗೆದ್ದರು. ನಮ್ಮ ಭಾನುವಾರದ ಸಾಫ್ಟ್‌ಬಾಲ್ ತಂಡದಲ್ಲೂ ನಾಲ್ಕು ವಾರ ಹಾಗೇ ಮಾಡಿದೆವು. ಲೆಕ್ಕಕ್ಕೆ ಏನೂ ಸಿಗಲಿಲ್ಲ, ಪಂದ್ಯ ಸಾಲದು. ಆದರೆ ಎರಡು ವಾರ ಸತತ ಒಂಬತ್ತನೇ ಚೀಟಿ ಬಂದ ಗೆಳೆಯ ‘ನಾನೇನು ಬಾಲಂಗೋಚಿನಾ?’ ಅಂತ ಬ್ಯಾಟು ಬಿಸಾಕಿ ಕಾರು ಹತ್ತಿದ. ಮೂರನೇ ವಾರದಿಂದ ಅವನಿಗೆ ಒಂಬತ್ತು ಬರದ ಹಾಗೆ ಚೀಟಿ ಮಡಚುವುದನ್ನು ಕಲಿತೆ. ಹೇಗೆ ಅಂತ ಅದನ್ನೂ ಕೇಳಬೇಡಿ, ಅವನೂ ಇದನ್ನು ಓದುತ್ತಾನೆ.