ಮಾನವ ಎಚ್‌ಎಂಜಿ-ಕೋಎ ರಿಡಕ್ಟೇಸ್: ಪ್ರಯೋಗಾಲಯದಲ್ಲಿ ಚಟುವಟಿಕೆ ಅಳೆಯುವ ಕ್ರಮ

ನಮ್ಮ ಜೀವಕೋಶಗಳಲ್ಲಿ ಕೊಲೆಸ್ಟರಾಲ್ ತಯಾರಿಕೆಯ ವೇಗವನ್ನು ಮುಖ್ಯವಾಗಿ ನಿಯಂತ್ರಿಸುವುದು ಎಚ್‌ಎಂಜಿ-ಕೋಎ ರಿಡಕ್ಟೇಸ್ ಎಂಬ ಕಿಣ್ವ; ಸ್ಟ್ಯಾಟಿನ್ ಔಷಧಗಳು ತಡೆಯುವುದೂ ಇದನ್ನೇ. 888 ಅಮೈನೋ ಆಮ್ಲಗಳ ಈ ಪ್ರೋಟೀನಿನ ಒಂದು ಭಾಗ ಜೀವಕೋಶದೊಳಗಿನ ಎಂಡೋಪ್ಲಾಸ್ಮಿಕ್ ರೆಟಿಕ್ಯುಲಮ್ ಎಂಬ ಪೊರೆಯಲ್ಲಿ ಹುದುಗಿರುವುದರಿಂದ, ಸಂಶೋಧನೆಗೆ ಸಾಮಾನ್ಯವಾಗಿ ಇ. ಕೋಲೈ ಬ್ಯಾಕ್ಟೀರಿಯಾದಲ್ಲಿ ತಯಾರಿಸಿದ, ನೀರಿನಲ್ಲಿ ಕರಗುವ ವೇಗವರ್ಧಕ ಭಾಗವನ್ನಷ್ಟೇ ಬಳಸುತ್ತಾರೆ.

ಕಿಣ್ವ ಬಂದ ದಿನವೇ ಅದನ್ನು ಒಂದು ಪ್ರಯೋಗಕ್ಕೆ ಸಾಕಾಗುವಷ್ಟು ಸಣ್ಣ ಪ್ರಮಾಣಗಳಾಗಿ ಹಂಚಿ ಮೈನಸ್ 80 ಡಿಗ್ರಿಯಲ್ಲಿಡಬೇಕು; ಮತ್ತೆ ಮತ್ತೆ ಹೆಪ್ಪುಗಟ್ಟಿಸಿ ಕರಗಿಸಿದರೆ ಚಟುವಟಿಕೆ ಕುಗ್ಗುತ್ತದೆ. ಬಳಸುವಾಗ ಐಸಿನ ಮೇಲೆ ಕರಗಿಸಿ, ವೋರ್ಟೆಕ್ಸ್ (ಜೋರಾಗಿ ಅಲುಗಾಡಿಸುವ ಯಂತ್ರ) ಬಳಸದೆ ಬೆರಳಿನಿಂದ ಮೆಲ್ಲಗೆ ತಟ್ಟಿ ಬೆರೆಸಬೇಕು. ಪಿಎಚ್ 7.4ರ ಪೊಟ್ಯಾಸಿಯಂ ಫಾಸ್ಫೇಟ್ ಬಫರಿಗೆ (ಪಿಎಚ್ ಬದಲಾಗದಂತೆ ಕಾಯುವ ದ್ರಾವಣ) ಪೊಟ್ಯಾಸಿಯಂ ಕ್ಲೋರೈಡ್ ಮತ್ತು ಲೋಹದ ಅಯಾನುಗಳನ್ನು ಹಿಡಿದಿಡುವ ಇಡಿಟಿಎ ಸೇರಿಸಿಟ್ಟುಕೊಳ್ಳಬಹುದಾದರೂ, ಸಿಸ್ಟೀನ್‌ಗಳು ಆಕ್ಸಿಡೀಕರಣಗೊಳ್ಳದಂತೆ ಕಾಯುವ ಡಿಟಿಟಿಯನ್ನು ಆಯಾ ದಿನವೇ ಬೆರೆಸಬೇಕು. ಕ್ರಿಯೆಗೆ ಎಲೆಕ್ಟ್ರಾನ್ ಒದಗಿಸುವ ಎನ್‌ಎಡಿಪಿಎಚ್ ಎಂಬ ಸಹಕಿಣ್ವದ ದ್ರಾವಣವನ್ನೂ ಹಾಗೆಯೇ ತಾಜಾ ಮಾಡಿ, ಆಮ್ಲ ತಾಗದಂತೆ ನೋಡಿಕೊಂಡು, ಬೆಳಕಿನಿಂದ ಮರೆಮಾಡಿ ಐಸಿನಲ್ಲಿಡಬೇಕು.

ಅಳತೆಯ ತತ್ತ್ವ ಸರಳ: ರಿಡಕ್ಟೇಸ್ ಎನ್‌ಎಡಿಪಿಎಚ್ ಬಳಸಿ ಎಚ್‌ಎಂಜಿ-ಕೋಎ ಅನ್ನು ಮೆವಲೊನೇಟ್ ಆಗಿ ಬದಲಿಸುತ್ತದೆ; ಎನ್‌ಎಡಿಪಿಎಚ್ 340 ನ್ಯಾನೋಮೀಟರ್ ಬೆಳಕನ್ನು ಹೀರುತ್ತದೆ, ಅದು ಖರ್ಚಾದಂತೆ ಓದು ಇಳಿಯುತ್ತದೆ. ಆದರೆ ಈ ಇಳಿಕೆಯೆಲ್ಲ ರಿಡಕ್ಟೇಸಿನದೇ ಎಂದು ನಂಬುವುದು ಸರಿಯಲ್ಲ, ಏಕೆಂದರೆ ಕಿಣ್ವದ ಜೊತೆ ಉಳಿದುಬಂದ ಬ್ಯಾಕ್ಟೀರಿಯಾದ ಪ್ರೋಟೀನುಗಳೂ ಎನ್‌ಎಡಿಪಿಎಚ್ ಅನ್ನು ಆಕ್ಸಿಡೀಕರಿಸಬಲ್ಲವು. ಆದ್ದರಿಂದ ಬಫರ್, ಎನ್‌ಎಡಿಪಿಎಚ್, ಕಿಣ್ವ ಮೂರನ್ನೂ 37 ಡಿಗ್ರಿಯಲ್ಲಿ ಬೆರೆಸಿ, ಕೆಲವು ನಿಮಿಷ ಓದಿ, ಕೊನೆಯಲ್ಲಿ ಎಚ್‌ಎಂಜಿ-ಕೋಎ ಹಾಕಿ ಕ್ರಿಯೆ ಆರಂಭಿಸುವುದು ಒಳ್ಳೆಯದು. ಅದನ್ನು ಹಾಕುವ ಮುಂಚೆ ಕಂಡ ಇಳಿಕೆಯ ವೇಗವನ್ನು ನಂತರದ ವೇಗದಿಂದ ಕಳೆಯಲೇಬೇಕು. ಕಿಣ್ವವಿಲ್ಲದ ಒಂದು ಬಾವಿ (ಪ್ಲೇಟಿನಲ್ಲಿ ದ್ರವ ಹಾಕುವ ಗುಳಿ), ಪ್ರವಾಸ್ಟ್ಯಾಟಿನ್ ಎಂಬ ಸ್ಟ್ಯಾಟಿನ್ ಹಾಕಿದ ಮತ್ತೊಂದು ಬಾವಿ ಪ್ರತಿ ಪ್ಲೇಟಿನಲ್ಲೂ ಇರಲಿ. ಸಾಕಷ್ಟು ಪ್ರವಾಸ್ಟ್ಯಾಟಿನ್ ಹಾಕಿದರೂ ನಿಲ್ಲದ ಇಳಿಕೆ ಈ ಕಿಣ್ವದ್ದಲ್ಲವೆಂದೇ ನಾನು ಪರಿಗಣಿಸುತ್ತೇನೆ.

ಎಚ್‌ಎಂಜಿ-ಕೋಎ ಹಲವೊಮ್ಮೆ ಎರಡು ಪ್ರತಿಬಿಂಬ ರೂಪಗಳ ಮಿಶ್ರಣವಾಗಿ ಮಾರಾಟವಾಗುತ್ತದೆ, ಕಿಣ್ವ ಬಳಸುವುದು ಎಸ್ ರೂಪವನ್ನು ಮಾತ್ರ. ಅಂಥ ಮಿಶ್ರಣವಾದರೆ ಸಾಂದ್ರತೆಯನ್ನು ಅರ್ಧವೆಂದು ಲೆಕ್ಕಹಿಡಿಯಬೇಕು.

ಲೆಕ್ಕದಲ್ಲಿ ಇನ್ನೊಂದು ಎಚ್ಚರ ಬೇಕು. ಎನ್‌ಎಡಿಪಿಎಚ್‌ನ ಮೋಲಾರ್ ಹೀರಿಕೆ ಗುಣಾಂಕ (ಒಂದು ಮೋಲಾರ್ ದ್ರಾವಣ ಒಂದು ಸೆಂಟಿಮೀಟರ್ ದೂರದಲ್ಲಿ ಬೆಳಕು ಹೀರುವ ಪ್ರಮಾಣ) 6220. ಒಂದು ಸೆಂಟಿಮೀಟರ್ ಕ್ಯುವೆಟ್ಟಿನಲ್ಲಿ (ಅಳತೆಯ ಪಾರದರ್ಶಕ ಪಾತ್ರೆ) ಓದು ನಿಮಿಷಕ್ಕೆ 0.0622 ಇಳಿದರೆ 10 ಮೈಕ್ರೋಮೋಲಾರ್ ಎನ್‌ಎಡಿಪಿಎಚ್ ಖರ್ಚಾಗಿದೆ ಎಂದರ್ಥ. ಒಂದು ಮೆವಲೊನೇಟ್ ಅಣುವಿಗೆ ಎರಡು ಎನ್‌ಎಡಿಪಿಎಚ್ ಬೇಕಾಗುವುದರಿಂದ ಉತ್ಪನ್ನ 5 ಮೈಕ್ರೋಮೋಲಾರ್ ಮಾತ್ರ. ಸೀಸೆಯ ಮೇಲಿನ ಯೂನಿಟ್ ಇವೆರಡರಲ್ಲಿ ಯಾವುದನ್ನು ಆಧರಿಸಿದೆ ಎಂದು ಓದಿಕೊಳ್ಳದಿದ್ದರೆ ಫಲಿತಾಂಶ ಇಮ್ಮಡಿ ತಪ್ಪುತ್ತದೆ. 96 ಬಾವಿಗಳ ಪ್ಲೇಟಿನಲ್ಲಾದರೆ ಬೆಳಕು ಹಾಯುವ ದೂರವಾದ ದ್ರವದ ಆಳವನ್ನೂ ಗಣಿಸಬೇಕು.

ಸಿಮ್ವಾಸ್ಟ್ಯಾಟಿನ್ ಮತ್ತು ಲೋವಾಸ್ಟ್ಯಾಟಿನ್ ಪರೀಕ್ಷಿಸುವವರು ಅವು ಲ್ಯಾಕ್ಟೋನ್ ಎಂಬ ಉಂಗುರ ರೂಪದಲ್ಲಿ ಬರುತ್ತವೆ ಎಂಬುದನ್ನು ಮರೆಯಬಾರದು. ದೇಹದಲ್ಲಿ ಉಂಗುರ ಬಿಚ್ಚಿ ಆಮ್ಲವಾದ ಮೇಲೆಯೇ ಅವು ಕಿಣ್ವವನ್ನು ತಡೆಯುತ್ತವೆ; ಪ್ರಯೋಗಾಲಯದಲ್ಲಿ ಉಂಗುರವನ್ನು ನಾವೇ ಬಿಚ್ಚಬೇಕು. 4 ಮಿಲಿಗ್ರಾಂ ಸಿಮ್ವಾಸ್ಟ್ಯಾಟಿನ್ ಅನ್ನು 0.1 ಮಿಲಿಲೀಟರ್ ಎಥನಾಲಿನಲ್ಲಿ ಕರಗಿಸಿ, 0.15 ಮಿಲಿಲೀಟರ್ 0.1 ನಾರ್ಮಲ್ ಸೋಡಿಯಂ ಹೈಡ್ರಾಕ್ಸೈಡ್ ಸೇರಿಸಿ, 50 ಡಿಗ್ರಿಯಲ್ಲಿ ಎರಡು ಗಂಟೆ ಇಟ್ಟು, ಹೈಡ್ರೋಕ್ಲೋರಿಕ್ ಆಮ್ಲದಿಂದ ಪಿಎಚ್ ಅನ್ನು ಸುಮಾರು 7ಕ್ಕೆ ತಂದು, ಒಂದು ಮಿಲಿಲೀಟರಿಗೆ ಏರಿಸಿದರೆ ಬಳಕೆಗೆ ಸಿದ್ಧ. ಇದೇ ಎಥನಾಲ್ ಮತ್ತು ಉಪ್ಪಿನ ಪ್ರಮಾಣವನ್ನು ಔಷಧವಿಲ್ಲದ ಬಾವಿಗೂ ಹಾಕಬೇಕು.