ಇಂಗ್ಲಿಷ್ ಕಾಂಪೌಂಡ್ ಪದಕ್ಕೆ ಕನ್ನಡದ ವಿಗ್ರಹವಾಕ್ಯ: ದಾವಣಗೆರೆಯ ತರಗತಿಯಲ್ಲಿ ನಾನು ಅನುಸರಿಸುವ ಕ್ರಮ

ಕನ್ನಡ ಮಾಧ್ಯಮದ ಹೈಸ್ಕೂಲ್ ಮಕ್ಕಳು ಕನ್ನಡ ಪಿರಿಯಡ್‌ನಲ್ಲಿ ಸಮಾಸ ಓದುತ್ತಾರೆ. ಮಳೆಯ + ಕಾಲ = ಮಳೆಗಾಲ, ತತ್ಪುರುಷ. ಮೂರು ಕಣ್ಣುಳ್ಳವನು ಯಾರೋ ಅವನು ಮುಕ್ಕಣ್ಣ, ಬಹುವ್ರೀಹಿ. ಮುಂದಿನ ಪಿರಿಯಡ್‌ನಲ್ಲಿ ಇಂಗ್ಲಿಷ್ ಮೇಷ್ಟ್ರು ಬೋರ್ಡಿನ ಮೇಲೆ ‘ಕಾಂಪೌಂಡ್ ವರ್ಡ್ಸ್’ ಎಂದು ಬರೆದರೆ, ಅದೇನೋ ಹೊಸ ಪಾಠ ಎಂದುಕೊಂಡು ಪಟ್ಟಿ ಬಾಯಿಪಾಠ ಮಾಡಲು ಕೂರುತ್ತಾರೆ. ಎರಡೂ ಒಂದೇ ವಿಷಯ. ಇಂಗ್ಲಿಷ್ ಪದರಚನೆ ಅಭ್ಯಾಸ ಮಾಡುವ ಭಾಷಾವಿಜ್ಞಾನಿಗಳು ಕೂಡ ತತ್ಪುರುಷ, ಬಹುವ್ರೀಹಿ, ದ್ವಂದ್ವ ಎಂಬ ಸಂಸ್ಕೃತದ ಹೆಸರುಗಳನ್ನೇ ಬಳಸುತ್ತಾರೆ. ಹಾಗಾಗಿ ನಾನು ಪಟ್ಟಿ ಕೊಡುವುದನ್ನು ಬಿಟ್ಟು ವಿಗ್ರಹವಾಕ್ಯದಿಂದ, ಅಂದರೆ ಕೂಡಿದ ಪದವನ್ನು ಬಿಡಿಸಿ ಹೇಳುವ ಮಾತಿನಿಂದ, ಶುರು ಮಾಡುತ್ತೇನೆ. ಪ್ರತಿ ಇಂಗ್ಲಿಷ್ ಜೋಡಿಪದವನ್ನೂ ಮಗು ಕನ್ನಡದಲ್ಲಿ ಬಿಡಿಸಬೇಕು. ಬಿಡಿಸಲು ಬಂದರೆ ಅರ್ಥ, ಬಹುವಚನ, ಒಂದು ಪದವೋ ಎರಡು ಪದವೋ ಎಂಬ ತೀರ್ಮಾನ ಎಲ್ಲವೂ ಅದರ ಹಿಂದೆಯೇ ಬರುತ್ತವೆ.

ಮೊದಲ ಕೆಲಸ ಕೊನೆಯ ಪದಕ್ಕೆ ಗೆರೆ ಎಳೆಯುವುದು. ಕನ್ನಡದ ತತ್ಪುರುಷದಂತೆ ಇಂಗ್ಲಿಷಿನಲ್ಲೂ ಉತ್ತರಪದಕ್ಕೇ ಪ್ರಾಧಾನ್ಯ. ಮಿಲ್ಕ್ ಚಾಕೊಲೇಟ್ ಎಂದರೆ ಚಾಕೊಲೇಟ್, ಚಾಕೊಲೇಟ್ ಮಿಲ್ಕ್ ಎಂದರೆ ಹಾಲು. ಹಾರ್ಸ್ ರೇಸ್ ಒಂದು ಪಂದ್ಯ, ರೇಸ್‌ಹಾರ್ಸ್ ಒಂದು ಕುದುರೆ. ಹಳೆಯ ಮದುವೆ ಕಾರ್ಡುಗಳನ್ನು ಸುಮಾರು 3 ಇಂಚು ಉದ್ದ, ಒಂದೂವರೆ ಇಂಚು ಅಗಲದ ಚೀಟಿಗಳಾಗಿ ಕತ್ತರಿಸಿ, ಖಾಲಿ ಬದಿಯಲ್ಲಿ ಒಂದೊಂದು ಪದ ಬರೆದಿಟ್ಟುಕೊಂಡರೆ ಸಾಕು. ಎರಡು ಚೀಟಿ ಜೋಡಿಸಿ, ಹಿಂದುಮುಂದು ಮಾಡಿ, ‘ಈಗ ಇದು ಯಾವ ವಸ್ತು?’ ಎಂದು ಕೇಳಬೇಕು. ಒಂದು ಪಿರಿಯಡ್‌ಗೆ 8 ಜೋಡಿಗಿಂತ ಹೆಚ್ಚು ಬೇಡ. ಹೆಚ್ಚಾದರೆ ಮಕ್ಕಳು ಯೋಚಿಸುವುದನ್ನು ನಿಲ್ಲಿಸಿ ಊಹಿಸತೊಡಗುತ್ತಾರೆ.

ಆಮೇಲಿನದು ಈ ಪಾಠದ ತಿರುಳು. ಎರಡು ನಾಮಪದಗಳ ನಡುವೆ ಅಡಗಿರುವ ವಿಭಕ್ತಿಯನ್ನು ಹೊರಗೆ ತೆಗೆಯಬೇಕು. ಇದಕ್ಕೆ ನಮ್ಮ ಸೀಮೆಯ ಮಿಲ್ಲುಗಳಿಗಿಂತ ಒಳ್ಳೆಯ ಉದಾಹರಣೆ ನನಗೆ ಸಿಕ್ಕಿಲ್ಲ. ದಾವಣಗೆರೆಯನ್ನು ಕರ್ನಾಟಕದ ಮ್ಯಾಂಚೆಸ್ಟರ್ ಎನ್ನುವಂತೆ ಮಾಡಿದ್ದು ಕಾಟನ್ ಮಿಲ್. ಭದ್ರಾ ನಾಲೆಯ ಭತ್ತ ಹೋಗುವುದು ರೈಸ್ ಮಿಲ್‌ಗೆ. ಚಳ್ಳಕೆರೆಯ ಶೇಂಗಾ ಹೋಗುವುದು ಆಯಿಲ್ ಮಿಲ್‌ಗೆ. ಮರ ಕೊಯ್ಯಿಸುವುದು ಸಾ ಮಿಲ್‌ನಲ್ಲಿ. ಚಿತ್ರದುರ್ಗದ ಗುಡ್ಡಗಳ ಮೇಲೆ ತಿರುಗುವುದು ವಿಂಡ್‌ಮಿಲ್. ಕೊನೆಯ ಪದ ಐದರಲ್ಲೂ ಒಂದೇ, ಮೊದಲ ಪದದ ಕೆಲಸ ಮಾತ್ರ ಬೇರೆ. ಕಾಟನ್ ಮಿಲ್‌ನ ಒಳಗೆ ಹತ್ತಿ ಹೋಗುತ್ತದೆ: ಹತ್ತಿಯನ್ನು ನೂಲುವ ಮಿಲ್, ‘ಅನ್ನು’ ಬರುವ ದ್ವಿತೀಯಾ. ಆಯಿಲ್ ಮಿಲ್‌ನ ಒಳಗೆ ಎಣ್ಣೆ ಹೋಗುವುದಿಲ್ಲ, ಹೊರಗೆ ಬರುತ್ತದೆ: ಎಣ್ಣೆಯನ್ನು ತೆಗೆಯುವ ಮಿಲ್. ವಿಭಕ್ತಿ ಅದೇ ಆದರೂ ಕ್ರಿಯಾಪದ ಬೇರೆ. ಸಾ ಮಿಲ್ ಗರಗಸದಿಂದ ಕೊಯ್ಯುವ ಮಿಲ್, ವಿಂಡ್‌ಮಿಲ್ ಗಾಳಿಯಿಂದ ತಿರುಗುವ ಮಿಲ್, ಎರಡೂ ‘ಇಂದ’ ಬರುವ ತೃತೀಯಾ. ಗುಡ್ಡದ ಮೇಲಿನ ಈ ಯಂತ್ರ ಕಾಳು ಬೀಸುವುದಿಲ್ಲ, ಕರೆಂಟ್ ತಯಾರಿಸುತ್ತದೆ. ತಾಂತ್ರಿಕ ಬರಹದಲ್ಲಿ ಅದನ್ನು ವಿಂಡ್ ಟರ್ಬೈನ್ ಎನ್ನುತ್ತಾರೆ. ಹಿಂದೆ ಗಾಳಿಯ ಬಲದಿಂದ ಕಾಳು ಬೀಸುತ್ತಿದ್ದ ಗಿರಣಿಯ ಹೆಸರು ಆಡುಮಾತಿನಲ್ಲಿ ಉಳಿದುಕೊಂಡಿದೆ. ರೈಸ್ ಮಿಲ್‌ಗೆ ಮಾತ್ರ ತರಗತಿ ಎರಡು ಪಂಗಡವಾಗುತ್ತದೆ: ಅಕ್ಕಿಯನ್ನು ಮಾಡುವ ಮಿಲ್ ಎಂದು ಒಬ್ಬರು, ಭತ್ತವೂ ಇಂಗ್ಲಿಷಿನಲ್ಲಿ ರೈಸ್ ತಾನೇ ಎಂದು ಇನ್ನೊಬ್ಬರು. ಎರಡಕ್ಕೂ ಆಧಾರವಿದೆ, ಎರಡನ್ನೂ ಸರಿ ಎನ್ನುತ್ತೇನೆ. ಆ ವಾದ ನಡೆಯಲಿ ಎಂದೇ ಈ ಪದವನ್ನು ಕೊನೆಗೆ ಇಡುತ್ತೇನೆ.

ಇದೇ ರೀತಿ ಗ್ರೌಂಡ್‌ನಟ್ ಆಯಿಲ್, ಹೇರ್ ಆಯಿಲ್ ಕೊಡಬಹುದು. ಮೊದಲನೆಯದು ಶೇಂಗಾದಿಂದ ತೆಗೆದ ಎಣ್ಣೆ, ಎರಡನೆಯದು ಕೂದಲಿಗೆ ಹಚ್ಚುವ ಎಣ್ಣೆ. ಕುಂದವಾಡ ಕೆರೆಯ ಬಳಿಯ ಗ್ಲಾಸ್ ಹೌಸ್ ಗಾಜಿನಿಂದ ಮಾಡಿದ ಮನೆ. ಆದರೆ ಗ್ರೀನ್‌ಹೌಸ್ ಹಸಿರು ಬಣ್ಣದ ಮನೆಯಲ್ಲ, ಗಿಡ ಬೆಳೆಸುವ ಮನೆ.

ವಿಗ್ರಹಕ್ಕೆ ಒಂದು ಮಿತಿ ಇದೆ, ಅದನ್ನು ಅದೇ ದಿನ ಹೇಳಿಬಿಡಬೇಕು. ಬಟರ್ ದೋಸೆ, ಬಟರ್‌ಮಿಲ್ಕ್, ಬಟರ್‌ಫ್ಲೈ ಎಂದು ಮೂರು ಪದ ಬರೆಯುತ್ತೇನೆ. ಬೆಣ್ಣೆ ಹಾಕಿದ ದೋಸೆ ಎನ್ನುವುದನ್ನು ದಾವಣಗೆರೆ ಮಕ್ಕಳಿಗೆ ಹೇಳಿಕೊಡುವ ಅಗತ್ಯವಿಲ್ಲ. ಬಟರ್‌ಮಿಲ್ಕ್‌ಗೆ ಅದೇ ಲೆಕ್ಕದಲ್ಲಿ ‘ಬೆಣ್ಣೆ ಹಾಕಿದ ಹಾಲು’ ಎಂದುಬಿಡುತ್ತಾರೆ. ಅದು ಬೆಣ್ಣೆ ತೆಗೆದ ಮೇಲೆ ಉಳಿಯುವ ಮಜ್ಜಿಗೆ. ಬಟರ್‌ಫ್ಲೈಗೆ ಉಪಯೋಗಕ್ಕೆ ಬರುವ ವಿಗ್ರಹವೇ ಇಲ್ಲ. ಪೈನ್‌ಆಪಲ್, ಜೆಲ್ಲಿಫಿಶ್, ಬ್ಲಾಕ್‌ಮೇಲ್, ಡೆಡ್‌ಲೈನ್ ಈ ಜಾತಿಯವು. ಇವುಗಳನ್ನು ಇಡಿಯಾಗಿ ಕಲಿಯಬೇಕು, ನೋಟ್‌ಬುಕ್ಕಿನ ಕೊನೆಯ ಪುಟದಲ್ಲಿ ಬೇರೆ ಬರೆಸಬೇಕು. ಎಲ್ಲವನ್ನೂ ಬಿಡಿಸಬಹುದು ಎಂದು ನಂಬಿದ ಮಗು ಪರೀಕ್ಷೆಯಲ್ಲಿ ತಾನೇ ಒಂದು ಅರ್ಥ ಕಟ್ಟಿಬಿಡುತ್ತದೆ.

ಕೂಡಿದ ಪದಗಳೆರಡನ್ನೂ ಬಿಟ್ಟು ಬೇರೊಂದನ್ನು ಹೇಳುವ ಬಹುವ್ರೀಹಿಗೆ ಪಿಕ್‌ಪಾಕೆಟ್ ಮತ್ತು ಸ್ಕೇರ್‌ಕ್ರೋ ಚೆನ್ನಾಗಿ ಒದಗುತ್ತವೆ. ಸ್ಕೇರ್‌ಕ್ರೋ ಒಂದು ಬಗೆಯ ಕಾಗೆಯಲ್ಲ; ಕಾಗೆಯನ್ನು ಹೆದರಿಸುವುದು ಯಾವುದೋ ಅದು, ಹೊಲದ ಬೆದರುಬೊಂಬೆ. ಪೇಪರ್‌ಬ್ಯಾಕ್ ಒಂದು ಬೆನ್ನಲ್ಲ, ಕಾಗದದ ರಟ್ಟುಳ್ಳ ಪುಸ್ತಕ. ಮುಕ್ಕಣ್ಣ ಗೊತ್ತಿರುವ ಮಕ್ಕಳು ಇದನ್ನು ಐದು ನಿಮಿಷದಲ್ಲಿ ಹಿಡಿಯುತ್ತಾರೆ. ದ್ವಂದ್ವದಲ್ಲಿ ಮಾತ್ರ ಕನ್ನಡ ಕೈ ಕೊಡುತ್ತದೆ. ಅಪ್ಪಅಮ್ಮ, ಗಿಡಮರಬಳ್ಳಿ ಎಂದು ನಾವು ಸಲೀಸಾಗಿ ಕೂಡಿಸುವಂತೆ ‘ಮೈ ಫಾದರ್ ಮದರ್’ ಎಂದು ಬರೆಯುತ್ತಾರೆ. ಇಂಗ್ಲಿಷಿಗೆ ಅಲ್ಲಿ ‘ಆ್ಯಂಡ್’ ಬೇಕೇ ಬೇಕು. ಕೈಮುಗಿ, ಕಣ್ಣುಮುಚ್ಚು ಥರದ ಕ್ರಿಯಾಸಮಾಸವನ್ನೂ ಇಂಗ್ಲಿಷಿಗೆ ಎಳೆಯಬಾರದು. ನಾಮಪದ ಕ್ರಿಯಾಪದಗಳನ್ನು ಹಾಗೆ ಮನಸ್ಸಿಗೆ ಬಂದಂತೆ ಕೂಡಿಸಲು ಆ ಭಾಷೆ ಒಪ್ಪುವುದಿಲ್ಲ. ಪ್ರೂಫ್‌ರೀಡ್, ಬೇಬಿಸಿಟ್‌ನಂಥ ಕೆಲವೇ ಇವೆ.

ಇನ್ನು ಸ್ಪೆಲಿಂಗ್. ಕನ್ನಡದಲ್ಲಿ ಕೂಡಿಸಿದಾಗ ಕಾಲ ಗಾಲವಾಗುತ್ತದೆ, ಹಿರಿದು ಮರ ಸೇರಿ ಹೆಮ್ಮರವಾಗುತ್ತದೆ. ಇಂಗ್ಲಿಷಿನಲ್ಲಿ ಬರವಣಿಗೆಗೆ ಸಂಧಿ ಇಲ್ಲ. ಎರಡೂ ಪದಗಳ ಅಕ್ಷರಗಳು ಇದ್ದ ಹಾಗೇ ಬಂದು ಕೂರುತ್ತವೆ. ಹಾಗಾಗಿ ಬುಕ್‌ಕೀಪರ್‌ನಲ್ಲಿ ಎರಡು ಓ, ಎರಡು ಕೆ, ಎರಡು ಇ ಒಂದರ ಹಿಂದೆ ಒಂದು ಬರುತ್ತವೆ. ರೂಮ್‌ಮೇಟ್‌ನಲ್ಲಿ ಎರಡು ಎಂ, ಇಯರ್‌ರಿಂಗ್‌ನಲ್ಲಿ ಎರಡು ಆರ್, ವಿತ್‌ಹೋಲ್ಡ್‌ನಲ್ಲಿ ಎರಡು ಎಚ್. ಕಿವಿಗೆ ಒಂದೇ ಕೇಳುವುದರಿಂದ ಮಕ್ಕಳು ಒಂದನ್ನು ನುಂಗುತ್ತಾರೆ. ಪದವನ್ನು ಜೋರಾಗಿ ಓದಿಸುವುದರಿಂದ ಈ ತಪ್ಪು ಹೋಗುವುದಿಲ್ಲ. ಎರಡು ಬಣ್ಣದ ಪೆನ್ನಿನಲ್ಲಿ ಎರಡು ಭಾಗ ಬರೆಸಿದರೆ ಹೋಗುತ್ತದೆ. ಅಪವಾದಗಳು ಕಡಿಮೆ, ಆದರೆ ದಿನಬಳಕೆಯವು: ಪಾಸ್‌ಟೈಮ್‌ನಲ್ಲಿ ಒಂದೇ ಎಸ್, ಆಲ್ರೆಡಿ, ಆಲ್ವೇಸ್, ಆಲ್‌ಮೋಸ್ಟ್‌ಗಳಲ್ಲಿ ‘ಆಲ್’ ತನ್ನ ಒಂದು ಎಲ್ ಕಳೆದುಕೊಳ್ಳುತ್ತದೆ.

ಒಂದು ಪದವೋ, ಎರಡೋ, ನಡುವೆ ಅಡ್ಡಗೆರೆಯೋ? ಮಕ್ಕಳಿಗಿಂತ ಹೆಚ್ಚಾಗಿ ಈ ಪ್ರಶ್ನೆ ಕೇಳುವವರು ಸಹೋದ್ಯೋಗಿಗಳು. ಎಲ್ಲ ಪದಕ್ಕೂ ಒಪ್ಪುವ ನಿಯಮವಿಲ್ಲ. ನೋಟ್‌ಬುಕ್ ಕೂಡಿದೆ, ಪೋಸ್ಟ್ ಆಫೀಸ್ ಬಿಡಿ, ಮದರ್-ಇನ್-ಲಾಗೆ ಗೆರೆ. ಕಾಲಕ್ಕೆ ತಕ್ಕಂತೆ ಬದಲಾಗುವುದೂ ಉಂಟು: ‘ಟುಡೇ’ಯನ್ನು 20ನೇ ಶತಮಾನದ ಆರಂಭದವರೆಗೂ ನಡುವೆ ಗೆರೆ ಹಾಕಿ ಬರೆಯುತ್ತಿದ್ದರು. 2007ರಲ್ಲಿ ಶಾರ್ಟರ್ ಆಕ್ಸ್‌ಫರ್ಡ್ ನಿಘಂಟಿನ ಆರನೇ ಆವೃತ್ತಿ ಸುಮಾರು 16,000 ಪದಗಳ ಅಡ್ಡಗೆರೆ ತೆಗೆದುಹಾಕಿತು. ಐಸ್ ಕ್ರೀಮ್ ಎರಡು ಪದವಾಯಿತು, ಬಂಬಲ್‌ಬೀ ಒಂದಾಯಿತು. ಹಾಗಾಗಿ ಹೆಸರುಪದಗಳಿಗೆ ಒಂದು ಹೊಸ ನಿಘಂಟು ಇಟ್ಟುಕೊಂಡು ಅದನ್ನೇ ಅನುಸರಿಸಿ, ವಿದ್ಯಾರ್ಥಿ ಬೇರೆ ರೀತಿ ಬರೆದರೆ ಅಂಕ ಕಡಿಯಬೇಡಿ.

ಅಂಕ ಕಡಿಯಬೇಕಾದ ಜಾಗ ಬೇರೆ ಇದೆ. ಕೂಡಿಸಿದರೆ ಒಂದು ಅರ್ಥ, ಬಿಡಿಸಿದರೆ ಇನ್ನೊಂದು ಅರ್ಥ ಬರುವ ಪದಗಳಲ್ಲಿ ರಿಯಾಯಿತಿ ಇಲ್ಲ. ‘ಐ ಗೋ ಟು ಸ್ಕೂಲ್ ಎವ್ರಿಡೇ’ ಎಂದು ಕೂಡಿಸಿ ಬರೆದರೆ ತಪ್ಪು. ಪರೀಕ್ಷಿಸಲು ಕನ್ನಡವೇ ಸಾಕು: ‘ಪ್ರತಿದಿನ’ ಎಂದು ಹೇಳಬಹುದಾದರೆ ಎರಡು ಪದ, ‘ದಿನನಿತ್ಯದ’ ಎಂದು ಹೇಳಬೇಕಾದರೆ ಒಂದು ಪದ. ‘ಬಹುಶಃ’ ಎಂದಾದರೆ ಮೇಬಿ ಒಂದು ಪದ, ‘ಇರಬಹುದು’ ಎಂದಾದರೆ ಎರಡು. ಲಾಗಿನ್, ಸೆಟಪ್, ಬ್ರೇಕ್‌ಡೌನ್‌ಗಳಿಗೆ ಭೂತಕಾಲದ ಪರೀಕ್ಷೆ ಮಾಡಿ. ‘ಲಾಗ್ಡ್ ಇನ್’ ಎಂದು ಮೊದಲ ಭಾಗವನ್ನು ಬದಲಿಸಲು ಆಗುತ್ತಿದ್ದರೆ ಅದು ಕ್ರಿಯಾಪದ, ಬಿಡಿಯಾಗಿ ಬರೆಯಬೇಕು. ಆಗದಿದ್ದರೆ ನಾಮಪದ, ಕೂಡಿಸಬೇಕು. ವಿಶೇಷಣಕ್ಕೆ ಒಂದೇ ಮಾತು: ನಾಮಪದಕ್ಕಿಂತ ಮೊದಲು ಬಂದರೆ ‘ವೆಲ್-ನೋನ್ ರೈಟರ್’ ಎಂದು ಗೆರೆ, ವಾಕ್ಯದ ಕೊನೆಗೆ ಹೋದರೆ ಗೆರೆ ಬೇಡ. ‘ನ್ಯೂಲಿ’ ಥರ ಎಲ್-ವೈ ಇಂದ ಮುಗಿಯುವ ಕ್ರಿಯಾವಿಶೇಷಣಕ್ಕೆ ಎಲ್ಲಿಯೂ ಗೆರೆ ಬೇಡ.

ಬಹುವಚನದಲ್ಲಿ ಮಕ್ಕಳ ಕನ್ನಡವೇ ಸರಿ, ಅವರು ಕಲಿತ ಇಂಗ್ಲಿಷ್ ನಿಯಮವೇ ಅಡ್ಡಿ. ಹತ್ತು ಎಂದ ಮೇಲೆ ಎಸ್ ಹಚ್ಚಬೇಕು ಎಂದು ಕಲಿಸಿರುತ್ತೇವೆ, ಅದಕ್ಕೆ ‘ಟೆನ್ ರುಪೀಸ್ ನೋಟ್’ ಎಂದು ಬರೆಯುತ್ತಾರೆ. ಕನ್ನಡದಲ್ಲಿ ಯಾರೂ ‘ಹತ್ತು ರೂಪಾಯಿಗಳ ನೋಟು’ ಎನ್ನುವುದಿಲ್ಲ, ‘ಐದು ವರ್ಷದ ಹುಡುಗ’ ಎನ್ನುತ್ತೇವೆ. ಇಂಗ್ಲಿಷಿಗೂ ಅದೇ: ಟೆನ್-ರುಪೀ ನೋಟ್, ಫೈವ್-ಇಯರ್-ಓಲ್ಡ್ ಬಾಯ್. ಬಾಯಿಯಲ್ಲಿ ಹಲ್ಲು ಮೂವತ್ತೆರಡಿದ್ದರೂ ಟೂತ್‌ಬ್ರಶ್. ಮೊದಲ ಪದ ಏಕವಚನದಲ್ಲೇ ಇರುತ್ತದೆ, ಎಸ್ ಹತ್ತುವುದು ಪ್ರಧಾನ ಪದಕ್ಕೆ. ಮದರ್-ಇನ್-ಲಾದಲ್ಲಿ ಪ್ರಧಾನ ಪದ ಮುಂದೆ ಇರುವುದರಿಂದ ಮದರ್ಸ್-ಇನ್-ಲಾ, ದಾರಿಹೋಕರು ಪಾಸರ್ಸ್-ಬೈ. ಸ್ಪೋರ್ಟ್ಸ್ ಡೇ, ಸೇವಿಂಗ್ಸ್ ಬ್ಯಾಂಕ್, ವಿಮೆನ್ ಡಾಕ್ಟರ್ಸ್ ಈ ಸಾಲಿಗೆ ಸೇರದವು, ಅವನ್ನು ನೆನಪಿಟ್ಟುಕೊಳ್ಳಬೇಕು.

ಉಚ್ಚಾರಣೆಯನ್ನು ಹಲವರು ಬಿಟ್ಟುಬಿಡುತ್ತಾರೆ, ನಾನು ಬಿಡುವುದಿಲ್ಲ. ಕನ್ನಡದಲ್ಲಿ ಒತ್ತು ಅರ್ಥವನ್ನು ಬದಲಿಸುವುದಿಲ್ಲ. ಇಂಗ್ಲಿಷಿನ ಜೋಡಿಪದದಲ್ಲಿ ಸಾಮಾನ್ಯವಾಗಿ ಮೊದಲ ಭಾಗಕ್ಕೆ ಒತ್ತು, ವಿಶೇಷಣ ಮತ್ತು ನಾಮಪದ ಬಿಡಿಯಾಗಿದ್ದರೆ ಎರಡನೆಯದಕ್ಕೆ. ‘ಬ್ಲಾಕ್‌ಬೋರ್ಡ್’ ಎಂದು ಬ್ಲಾಕ್ ಒತ್ತಿ ಹೇಳಿದರೆ ಗೋಡೆಯ ಮೇಲಿನ ಬೋರ್ಡು, ಬಣ್ಣ ಹಸಿರಿದ್ದರೂ ಅದು ಬ್ಲಾಕ್‌ಬೋರ್ಡೇ. ಬೋರ್ಡ್ ಒತ್ತಿದರೆ ಯಾವುದೋ ಕಪ್ಪು ಹಲಗೆ. ಒತ್ತು ಬರುವ ಕಡೆ ಬೆಂಚಿಗೆ ಬಡಿಯಲು ಹೇಳಿ, ಇಡೀ ತರಗತಿ ಒಟ್ಟಿಗೆ ಬಡಿದರೆ ಬೇಗ ಕೂರುತ್ತದೆ. ‘ವೆರಿ’ ಸೇರಿಸಿ ನೋಡುವುದು ಇನ್ನೊಂದು ಪರೀಕ್ಷೆ: ವೆರಿ ಬ್ಲಾಕ್ ಬೋರ್ಡ್ ಎಂದರೆ ನಡೆಯುತ್ತದೆ, ಬ್ಲಾಕ್‌ಬೋರ್ಡ್‌ಗೆ ವೆರಿ ಅಂಟುವುದಿಲ್ಲ. ಕಾಟನ್ ಶರ್ಟ್, ಸ್ಟೀಲ್ ಪ್ಲೇಟ್ ಹೀಗೆ ಮೊದಲ ಪದ ವಸ್ತು ಯಾವುದರಿಂದ ಆಗಿದೆ ಎಂದು ಹೇಳುವಾಗ ಒತ್ತು ಎರಡನೆಯದಕ್ಕೆ ಸರಿಯುತ್ತದೆ. ರಸ್ತೆಯ ಹೆಸರುಗಳಲ್ಲೂ ಹೀಗೇ, ಅಶೋಕ ರೋಡ್, ಹದಡಿ ರೋಡ್ ಎನ್ನುವಾಗ ಒತ್ತು ರೋಡ್ ಮೇಲೆ. ಅದೇ ಹೆಸರಿನ ಕೊನೆಗೆ ಸ್ಟ್ರೀಟ್ ಬಂದರೆ ಮೊದಲ ಪದದ ಮೇಲೆ. ಒತ್ತು ಇಲ್ಲದ ಭಾಗ ಸವೆಯುವುದನ್ನೂ ಇಲ್ಲೇ ತೋರಿಸಬಹುದು: ಪೋಸ್ಟ್‌ಮನ್‌ನಲ್ಲಿ ‘ಮ್ಯಾನ್’ ಪೂರ್ತಿ ಕೇಳುವುದಿಲ್ಲ, ಕಬರ್ಡ್‌ನಲ್ಲಿ ಪಿ ಮಾಯ, ಬ್ರೆಕ್‌ಫಸ್ಟ್‌ನಲ್ಲಿ ಬ್ರೇಕ್ ಇದ್ದದ್ದೇ ಮರೆತುಹೋಗಿದೆ.

ಹತ್ತನೇ ತರಗತಿಗೆ ಉದ್ದದ ಸರಣಿಗಳನ್ನು ಕೊಡುತ್ತೇನೆ. ಊರಿನ ಬೋರ್ಡುಗಳಲ್ಲಿ, ಸರ್ಕಾರಿ ನೋಟಿಸುಗಳಲ್ಲಿ ಇವು ಬೇಕಾದಷ್ಟು ಸಿಗುತ್ತವೆ. ಗರ್ಲ್ಸ್ ಹೈಸ್ಕೂಲ್ ಬಿಲ್ಡಿಂಗ್ ಫಂಡ್ ಎಂದರೆ ಬಲಗಡೆಯಿಂದ ಓದಬೇಕು: ನಿಧಿ, ಯಾತಕ್ಕೆ? ಕಟ್ಟಡಕ್ಕೆ. ಯಾವುದರ ಕಟ್ಟಡ? ಹೈಸ್ಕೂಲಿನದು. ಯಾರ ಹೈಸ್ಕೂಲು? ಹುಡುಗಿಯರದು. ಓಲ್ಡ್ ಬಸ್ ಸ್ಟ್ಯಾಂಡ್‌ನಲ್ಲಿ ಹಳೆಯದು ಸ್ಟ್ಯಾಂಡು, ಬಸ್ಸಲ್ಲ ಎಂದು ತಿಳಿಯುವುದು ಬಸ್ ಮತ್ತು ಸ್ಟ್ಯಾಂಡ್ ಮೊದಲು ಕೂಡಿರುವುದರಿಂದ. ಓಲ್ಡ್ ಬುಕ್ ಶಾಪ್‌ಗೆ ಎರಡು ವಿಗ್ರಹ ಸಾಧ್ಯ: ಹಳೆಯದಾದ ಪುಸ್ತಕದಂಗಡಿ, ಹಳೆಯ ಪುಸ್ತಕಗಳನ್ನು ಮಾರುವ ಅಂಗಡಿ. ಎರಡನೆಯ ಅರ್ಥ ಬೇಕಿದ್ದರೆ ಓಲ್ಡ್ ಮತ್ತು ಬುಕ್ ನಡುವೆ ಗೆರೆ ಹಾಕಬೇಕು. ಕಿರುಪರೀಕ್ಷೆಯಲ್ಲಿ ಅ ಪಟ್ಟಿ, ಬ ಪಟ್ಟಿ ಹೊಂದಿಸುವ ಪ್ರಶ್ನೆಯ ಬದಲು ಇಂಥ ಮೂರು ಸರಣಿ ಕೊಟ್ಟು ಕನ್ನಡದಲ್ಲಿ ಬಿಡಿಸಲು ಹೇಳುತ್ತೇನೆ. ಸರಣಿಗೆ 2 ಅಂಕ: ಕೊನೆಯ ಪದ ಗುರುತಿಸಿದರೆ 1, ವಿಭಕ್ತಿ ಸರಿಯಾಗಿ ಬಂದರೆ ಇನ್ನೊಂದು.