ದೀಪಾವಳಿ ವಿಶೇಷಾಂಕ: ಕಣ್ಣು ಕಾಣದ ಓದುಗರಿಗೆ ಮುಟ್ಟಿಸುವುದು ಹೇಗೆ?

ದೀಪಾವಳಿ ಸೂಟಿ ಬಂತೆಂದರೆ ಧಾರವಾಡದ ಸುಭಾಸ ರಸ್ತೆಯಿಂದ ಹಾವೇರಿಯ ಬಸ್ ನಿಲ್ದಾಣದ ತನಕ ವಿಶೇಷಾಂಕಗಳದೇ ಭರಾಟೆ. ಮೆಚ್ಚಿದ ಕಥೆಯನ್ನು ಕಣ್ಣು ಕಾಣದ ಗೆಳೆಯರಿಗೂ ಓದಿಸಬೇಕು ಅನ್ನಿಸಿದಾಗ ಹಲವರು ಪುಟಗಳ ಫೋಟೊ ತೆಗೆದು ವಾಟ್ಸ್‌ಆಪ್‌ಗೆ ಹಾಕಿಬಿಡುತ್ತಾರೆ. ಅವರ ಫೋನು ಅದನ್ನು 'ಚಿತ್ರ' ಎಂದಷ್ಟೇ ಹೇಳಿ ಸುಮ್ಮನಾಗುತ್ತದೆ. ಫೋಟೊಗಳನ್ನು ಜೋಡಿಸಿದ ಪಿಡಿಎಫ್ ಕಳಿಸಿದರೂ ಗತಿ ಅದೇ. ಬೇಕಾದದ್ದು ಯೂನಿಕೋಡ್ ಪಠ್ಯ, ಅಂದರೆ ಫೋನು, ಕಂಪ್ಯೂಟರುಗಳೆಲ್ಲ ಅಕ್ಷರವೆಂದೇ ಗುರುತಿಸುವ ಸಂಕೇತದಲ್ಲಿರುವ ಬರಹ. ಅದೊಂದಿದ್ದರೆ ತೆರೆಯ ಮೇಲಿನದನ್ನು ಗಟ್ಟಿಯಾಗಿ ಓದಿ ಹೇಳುವ ತಂತ್ರಾಂಶಗಳಾದ ಫೋನಿನ ಟಾಕ್‌ಬ್ಯಾಕ್, ಕಂಪ್ಯೂಟರಿನ ಎನ್‌ವಿಡಿಎ ಎರಡೂ ಓದುತ್ತವೆ. ಬ್ರೈಲ್‌ಗೂ ಅದೇ ಮೂಲವಾಗುತ್ತದೆ.

ಕೆಲಸಕ್ಕಿಳಿಯುವ ಮೊದಲು ಓದುವವರನ್ನೇ ಕೇಳಿ: ಫೋನೋ, ಕಂಪ್ಯೂಟರೋ, ಬ್ರೈಲೋ? ದೊಡ್ಡವರಾದ ಮೇಲೆ ದೃಷ್ಟಿ ಕಳೆದುಕೊಂಡವರಲ್ಲಿ ಬ್ರೈಲ್ ಕಲಿಯದವರು ಬಹಳ.

ಹಕ್ಕುಸ್ವಾಮ್ಯದ ಅಳುಕು ಬೇಡ. 2012ರಲ್ಲಿ ತಿದ್ದುಪಡಿಯಾದ ಕಾಯ್ದೆಯ 52(1)(ಝಡ್‌ಬಿ) ಕಲಮಿನ ಪ್ರಕಾರ, ಅಂಗವಿಕಲರ ಸ್ವಂತ ಓದಿಗೆ, ಕಲಿಕೆಗೆ, ಸಂಶೋಧನೆಗೆ ಸುಗಮ ಪ್ರತಿಯನ್ನು (ಅವರು ಓದಬಲ್ಲ ರೂಪದ ಪ್ರತಿಯನ್ನು) ಯಾರು ಬೇಕಾದರೂ ಮಾಡಿ ಹಂಚಿಕೊಳ್ಳಬಹುದು. ಲಾಭಕ್ಕೆ ಮಾರುವಂತಿಲ್ಲ. ಊರಿಗೆಲ್ಲ ಕಾಣುವ ಗುಂಪಿಗೆ, ಯೂಟ್ಯೂಬಿಗೆ ಹಾಕಿದರೆ ಈ ರಕ್ಷಣೆ ಸಿಗದು. ಲೇಖಕರು ತೀರಿಕೊಂಡ ವರ್ಷ ಮುಗಿದು 60 ವರ್ಷ ಕಳೆದಿದ್ದರೆ ಮಾತೇ ಬೇರೆ. ಆಲೂರು ವೆಂಕಟರಾಯರು ನಿಧನರಾದದ್ದು 1964ರಲ್ಲಿ. ಅವರ ಬರಹಗಳು 2025ರ ಜನವರಿಯಿಂದ ಎಲ್ಲರ ಸ್ವತ್ತು.

ಇನ್ನು ಸ್ಕ್ಯಾನ್. ಸ್ಪಷ್ಟತೆ 300 ಡಿಪಿಐ (ಇಂಚಿಗೆ 300 ಚುಕ್ಕಿ) ಸಾಕು. ಫೋನಿನಲ್ಲಾದರೆ ಕಿಟಕಿಯ ಪಕ್ಕದ ಬೆಳಕು, ಫ್ಲ್ಯಾಶ್ ಬಂದ್. ನುಣುಪು ಕಾಗದದ ಮೇಲೆ ಫ್ಲ್ಯಾಶ್ ಬಿದ್ದ ಜಾಗದಲ್ಲಿ ಅಕ್ಷರವೇ ಮಾಯ. ಪುಸ್ತಕದ ಬೆನ್ನಿನ ಹತ್ತಿರ ಸಾಲು ಬಾಗುತ್ತದೆ, ಅದಕ್ಕೆ ಗಾಜಿನ ಹಲಗೆಯಿಂದ ಒತ್ತಿ ಹಿಡಿಯಿರಿ. ವಿಶೇಷಾಂಕದ ನಿಜವಾದ ತೊಡಕು ಕಾಲಂ. ಎರಡು ಕಾಲಂ ಇರುವ ಪುಟವನ್ನು ಅಕ್ಷರ ಗುರುತಿಸುವ ತಂತ್ರಾಂಶಕ್ಕೆ ಇಡಿಯಾಗಿ ಕೊಟ್ಟರೆ ಎಡಗಡೆಯ ಸಾಲಿಗೆ ಬಲಗಡೆಯದು ಅಂಟಿಕೊಂಡು, ನಾಯಕ ಹುಬ್ಬಳ್ಳಿಯಲ್ಲಿ ಬಸ್ ಹತ್ತಿ ಅದೇ ವಾಕ್ಯದಲ್ಲಿ ಯಾರದೋ ಮದುವೆಯಲ್ಲಿ ಇಳಿಯುತ್ತಾನೆ. ಒಂದೊಂದು ಕಾಲಮನ್ನೂ ಬೇರೆ ಬೇರೆ ಚಿತ್ರವಾಗಿ ಕತ್ತರಿಸಿ. ಬಣ್ಣದ ಹಿನ್ನೆಲೆ ಇದ್ದರೆ ಕಪ್ಪು-ಬಿಳುಪು ಮಾಡಿ.

ಚಿತ್ರವನ್ನು ಪಠ್ಯವಾಗಿಸಲು ಸುಲಭದ ದಾರಿ ಗೂಗಲ್ ಡ್ರೈವ್. 2 ಎಂಬಿ ಒಳಗಿನ ಚಿತ್ರ ಏರಿಸಿ, ಗೂಗಲ್ ಡಾಕ್ಸ್‌ನಲ್ಲಿ ತೆರೆದರೆ ಕೆಳಗೆ ಪಠ್ಯ ಬಂದಿರುತ್ತದೆ. ಇಂಟರ್‌ನೆಟ್ ಇಲ್ಲದೆ ಮಾಡುವವರಿಗೆ ಟೆಸೆರಾಕ್ಟ್ ಎಂಬ ತಂತ್ರಾಂಶ ಇದೆ, ಕನ್ನಡದ ಕಡತವನ್ನೂ ಸೇರಿಸಿಕೊಳ್ಳಬೇಕು. ಲೇಖಕರೇ 'ನುಡಿ' ಅಥವಾ 'ಬರಹ' ತಂತ್ರಾಂಶದ ಹಳೆಯ ಫಾಂಟಿನ ಕಡತ ಕೊಟ್ಟರೆ ಹಿಗ್ಗಬೇಡಿ. ತೆರೆಯ ಮೇಲೆ ಕನ್ನಡ ಕಂಡರೂ ಒಳಗಿರುವುದು ಇಂಗ್ಲಿಷ್ ಸಂಕೇತ. ಎನ್‌ವಿಡಿಎ ಅರ್ಥವಿಲ್ಲದ ಅಕ್ಷರ ಬಡಬಡಿಸುತ್ತದೆ. ಮೊದಲು ಯೂನಿಕೋಡಿಗೆ ಬದಲಿಸಿ, ಆಮೇಲೆ ಅರ್ಕಾವತ್ತುಗಳನ್ನು ಒಂದೊಂದಾಗಿ ನೋಡಿ. ಹಳೆಯ ಫಾಂಟುಗಳಲ್ಲಿ ಅರ್ಕಾವತ್ತು ಅಕ್ಷರದ ನಂತರ ಬರುತ್ತದೆ, ಯೂನಿಕೋಡಿನಲ್ಲಿ ಮೊದಲು. ತಪ್ಪುವುದು ಅಲ್ಲೇ.

ಕರಡು ತಿದ್ದುವುದಕ್ಕೆ ಸ್ಕ್ಯಾನಿಗಿಂತ ಎರಡು-ಮೂರು ಪಟ್ಟು ಹೊತ್ತು ಇಟ್ಟುಕೊಳ್ಳಿ. ಪ–ಷ, ಧ–ಥ, ವ–ಮ ಅದಲುಬದಲಾಗುತ್ತವೆ, ಒತ್ತಕ್ಷರ ಕಳಚಿ ಬೀಳುತ್ತದೆ. ಇವು ಕಣ್ಣಿಗೆ ಸಿಕ್ಕುತ್ತವೆ. ಸಿಕ್ಕದ ತಪ್ಪೆಂದರೆ ಅನುಸ್ವಾರದ ಜಾಗದಲ್ಲಿ ಕೂತ ಅಂಕಿಯ ಸೊನ್ನೆ. 'ಹಂಪಿ' ನೋಡಲು ಸರಿಯಾಗಿಯೇ ಇರುತ್ತದೆ, ಕೇಳಿದರೆ 'ಹ ಸೊನ್ನೆ ಪಿ'. ೦ ಅನ್ನು ಹುಡುಕಿ, ಪದದ ನಡುವೆ ಇರುವುದನ್ನೆಲ್ಲ ಬದಲಿಸಿ. ಕೊನೆಗೆ ಟಾಕ್‌ಬ್ಯಾಕ್ ಹಚ್ಚಿ, ಕಣ್ಣು ಮುಚ್ಚಿ ಒಂದು ಸಲ ಪೂರ್ತಿ ಕೇಳಿ. ಹತ್ತು ಸಲ ನೋಡಿದರೂ ಜಾರಿದ ತಪ್ಪನ್ನು ಕಿವಿ ಹಿಡಿಯುತ್ತದೆ.

ಪ್ರತಿ ಕಥೆಯ ಹೆಸರಿಗೂ 'ಶೀರ್ಷಿಕೆ 1' (ಹೆಡಿಂಗ್ 1) ಶೈಲಿ ಕೊಡಿ, ದಪ್ಪಕ್ಷರ ಸಾಲದು. ಹೀಗೆ ಮಾಡಿದರೆ ಎನ್‌ವಿಡಿಎ ಬಳಸುವವರು 'ಎಚ್' ಕೀಲಿ ಒತ್ತಿ ಕಥೆಯಿಂದ ಕಥೆಗೆ ಜಿಗಿಯುತ್ತಾರೆ. ಪುಟದ ತಲೆಯ ಸಾಲು, ಜಾಹೀರಾತು ತೆಗೆದುಬಿಡಿ. ಚಿತ್ರಕ್ಕೆ ಒಂದೆರಡು ವಾಕ್ಯ ಸಾಕು. ವ್ಯಂಗ್ಯಚಿತ್ರವಾದರೆ ಯಾರು, ಎಲ್ಲಿ, ಏನನ್ನುತ್ತಿದ್ದಾರೆ ಎಂಬುದು ಬರಲಿ. ಮುಗಿದ ಮೇಲೆ ಇ-ಪುಸ್ತಕದ ರೂಪವಾದ ಇ-ಪಬ್ ಆಗಿ ಇಳಿಸಿಕೊಳ್ಳಿ.

ನಮ್ಮ ಕಡೆಯ ಮಾತಿನಲ್ಲಿ ಬರೆದ ಕಥೆಗಳನ್ನು ಮಾತ್ರ ಯಂತ್ರಕ್ಕೆ ಬಿಡಬಾರದು. 'ಹೌದಲ್ರೀ', 'ಏನ್ ಮಾಡಾಕತ್ತಿ' ಎಂಬುದನ್ನು ಅದು ವರದಿ ಓದಿದಂತೆ ಓದಿ ರಸವನ್ನೇ ಹಿಂಡಿಹಾಕುತ್ತದೆ. ಅಂಥವನ್ನು ನೀವೇ ಧ್ವನಿಮುದ್ರಿಸಿ. ಫ್ಯಾನ್ ಬಂದ್ ಮಾಡಿ, ಬಾಯಿಗೂ ಮೈಕಿಗೂ ಗೇಣಿನಷ್ಟು ಅಂತರ ಇರಲಿ. ನಸುಕಿನ ಐದರಿಂದ ಆರೂವರೆ ಒಳ್ಳೆಯ ಹೊತ್ತು. ಆಮೇಲೆ ಕುಕ್ಕರ್ ಸೀಟಿ, ಚಿಗರಿ ಬಸ್ಸಿನ ಹಾರ್ನ್, ಹಬ್ಬದಲ್ಲಂತೂ ಪಟಾಕಿ. ಮೊದಲ ಐದು ಸೆಕೆಂಡು ಸುಮ್ಮನಿರಿ. ಧ್ವನಿ ತಿದ್ದುವ ಆಡಾಸಿಟಿ ತಂತ್ರಾಂಶದಲ್ಲಿ ಕೋಣೆಯ ಗುಂಯ್ ಸದ್ದನ್ನು ಕಳೆಯಲು ಆ ಮೌನವೇ ಮಾದರಿ. ತಡವರಿಸಿದರೆ ಪದದಿಂದಲ್ಲ, ವಾಕ್ಯದ ಆರಂಭದಿಂದ ಓದಿ, ಬೆಸುಗೆ ಗೊತ್ತಾಗುವುದಿಲ್ಲ. ಪಾತ್ರಕ್ಕೊಂದು ದನಿ ಮಾಡುವ ನಾಟಕ ಬೇಡ. ಗದಗಿನ ನಾಟಕ ಕಂಪನಿಗಳಿಗೆ ಅದು ಒಪ್ಪೀತು, ಕಿವಿಗೆ ಹಚ್ಚಿಕೊಂಡ ಇಯರ್‌ಫೋನಿಗಲ್ಲ.

ಮುದ್ರಿಸಿದ್ದನ್ನು ಉಳಿಸುವಾಗ ಎಂಪಿ3, ಮೋನೊ, 64 ಕೆಬಿಪಿಎಸ್ ಇಟ್ಟರೆ ಒಂದು ಗಂಟೆಗೆ ಸುಮಾರು 29 ಎಂಬಿ. ಕಥೆಗೊಂದು ಕಡತ. ವಾಯ್ಸ್ ಮೆಸೇಜ್ ಮಾಡದೆ ಡಾಕ್ಯುಮೆಂಟ್ ಆಗಿ ಕಳಿಸಿ, ಉಳಿಸಿಕೊಳ್ಳಲು, ಬೇರೆ ಪ್ಲೇಯರಿನಲ್ಲಿ ಕೇಳಲು ಅನುಕೂಲ. ಕಡತದ ಹೆಸರಿನ ಆರಂಭದಲ್ಲಿ 01, 02 ಎಂದೇ ಬರೆಯಿರಿ. ಬರೀ 1, 2 ಎಂದಿಟ್ಟರೆ ಕೆಲವು ಪ್ಲೇಯರುಗಳು 1 ಮುಗಿದೊಡನೆ 10ನೆಯ ಕಥೆಗೆ ಹಾರುತ್ತವೆ. 00 ಕಡತದಲ್ಲಿ ಪರಿವಿಡಿಯನ್ನೂ ಪ್ರತಿ ಕಥೆ ಎಷ್ಟು ನಿಮಿಷದ್ದು ಎಂಬುದನ್ನೂ ಓದಿಬಿಡಿ.